ಬಾಯಿಲ್ಲದ ಅತಿಥಿ

ಕುಬ್ಲಾನನ ಆಸ್ತಿಯೆಂದರೆ ಹದಿನೇಳು ಮೇಕೆ, ಒಂದು ಕುಂಟು ಕತ್ತೆ, ಒಂದು ಮುಖ. ಮೇಕೆಗಳನ್ನು ತಫೀಲಾದ ಸಂತೆಗೆ ಹೊಡೆದುಕೊಂಡು ಹೋದರೆ ಜನ ಹಲ್ಲು ನೋಡಿ ಮುಂದೆ ಸಾಗುತ್ತಿದ್ದರು. ಕತ್ತೆಯನ್ನು ಪುಕ್ಕಟೆ ಕೊಡುತ್ತೇನೆಂದರೂ, ಮೇವೂ ಜೊತೆಗೇ ಬರುತ್ತದೆಯೇ ಎಂದು ಕೇಳುತ್ತಿದ್ದರು. ಮುಖಕ್ಕೆ ಮಾತ್ರ ಶೌಬಕ್ ಕೋಟೆಯಿಂದ ಹಸಾ ಕಣಿವೆಯವರೆಗೆ ಚೌಕಾಸಿಯಿಲ್ಲದ ಬೆಲೆಯಿತ್ತು.

ಇದು ಅಂದಚೆಂದದ ಮಾತಲ್ಲ. ಆ ಲೆಕ್ಕದಲ್ಲಿ ಕತ್ತೆಯೇ ಒಂದು ಕೈ ಮೇಲು. ಆ ಬೆಟ್ಟಗಳ ಕುಲಗಳಲ್ಲಿ ಎರಡು ಮನೆತನಗಳ ನಡುವೆ ರಕ್ತ ಬಿದ್ದರೆ ಮೂರನೆಯವನೊಬ್ಬ ಎದ್ದು, ‘ಇದು ನನ್ನ ಮುಖದ ಮೇಲಿದೆ’ ಎನ್ನಬೇಕು. ಅವನು ಗೊತ್ತುಮಾಡಿದ ದಿನದವರೆಗೆ ಯಾರೂ ಯಾರ ಮೇಲೂ ಕೈಯೆತ್ತುವಂತಿಲ್ಲ. ಎತ್ತಿದರೆ ಕಡಿದದ್ದು ಶತ್ರುವನ್ನಲ್ಲ, ಹೊಣೆ ನಿಂತವನ ಮುಖವನ್ನು. ಹಾಗೆ ಕಡಿಸಿಕೊಂಡವನ ಹೆಸರಿನಲ್ಲಿ ದಾರಿಗಳು ಕೂಡುವಲ್ಲಿ ಕಪ್ಪು ಬಾವುಟ ಏರುತ್ತದೆ. ಆಮೇಲೆ ಅವನ ಮಾತನ್ನು ಯಾರೂ ಉಪ್ಪಿಗೂ ಕೊಳ್ಳುವುದಿಲ್ಲ. ಎಲ್ಲಕ್ಕಿಂತ ತೊಡಕಿನ ಸಂಗತಿಯೆಂದರೆ ಮುಖ ಇರುವುದು ಒಂದೇ. ಅದು ಇಲ್ಲಿ ಒಡೆದರೆ ಎಲ್ಲ ಕಡೆಯೂ ಒಡೆಯಿತು. ಅದರ ಮೇಲೆ ನಿಂತ ಬೇರೆ ಒಪ್ಪಂದಗಳೂ ಅದೇ ದಿನ ನೆಲಕ್ಕೆ.

ಇಪ್ಪತ್ತಾರು ವರ್ಷದಲ್ಲಿ ಕುಬ್ಲಾನನ ಮುಖಕ್ಕೆ ಒಂದು ಗೀರೂ ಬಿದ್ದಿರಲಿಲ್ಲ. ಗುಹೆಯಲ್ಲಿ ಹುಟ್ಟಿದವ. ತಂದೆ ಬಿಟ್ಟುಹೋದದ್ದು ಒಂದು ಕೊಕ್ಕಿನ ಕಾಫಿ ಹೂಜಿ ಮತ್ತು ಮಿತವಾಗಿ ಮಾತಾಡುವ ಚಾಳಿ. ಒಮ್ಮೆ ಬಾವಿಯ ಜಗಳಕ್ಕೆ ಹೊಣೆ ನಿಂತು, ಎರಡೂ ಕಡೆಯವರು ನೀರಿಗೆ ಬರುವ ದಾರಿಗೆ ಅಡ್ಡಲಾಗಿ ಹಾಸಿಗೆ ಹಾಕಿಕೊಂಡು ನಲವತ್ತು ದಿನ ಕೂತಿದ್ದ. ನಲವತ್ತೊಂದನೆಯ ದಿನ ಅವರು ರಾಜಿಯಾದದ್ದು ಅವನನ್ನು ಅಲ್ಲಿಂದ ಎಬ್ಬಿಸುವ ಸಲುವಾಗಿ ಎಂದು ಅವನ ಹೆಂಡತಿ ಫಿದ್ದಾ ಹೇಳುತ್ತಿದ್ದಳು. ಅವಳು ಹೇಳಿದ್ದರಲ್ಲಿ ಸುಳ್ಳು ಹುಡುಕುವುದು ಕಷ್ಟ.

ಆ ವರ್ಷದ ವಸಂತದಲ್ಲಿ ಅವನ ಮುಖದ ಮೇಲೆ ಒಂದು ಜೀವ ನಿಂತಿತ್ತು. ಕೆಳಕಣಿವೆಯ ನುವೈರಾನ್ ಎಂಬ ಯುವಕ ಟ್ರ್ಯಾಕ್ಟರನ್ನು ಹಿಂದಕ್ಕೆ ತೆಗೆಯುವಾಗ ಪಕ್ಕದ ಮನೆತನದ ಒಬ್ಬನ ಮೇಲೆ ಹಾಯಿಸಿಬಿಟ್ಟಿದ್ದ. ಬೇಕೆಂದು ಮಾಡಿದ್ದಲ್ಲ. ಸತ್ತವನ ಅಣ್ಣಂದಿರು ಆ ವಿವರಕ್ಕೆ ಕಿವಿಗೊಡುವ ಸ್ಥಿತಿಯಲ್ಲಿರಲಿಲ್ಲ. ಗೋಧಿ ಕೊಯ್ಲಾಗಿ ಹಿರಿಯರು ಸೇರುವವರೆಗೆ ಕುಬ್ಲಾನ್ ಹೊಣೆ ನಿಂತಿದ್ದ. ಅದಕ್ಕಿನ್ನೂ ಐವತ್ತು ದಿನವಿತ್ತು. ನುವೈರಾನ್ ಹಗಲು ಹೊತ್ತಿನಲ್ಲಿ ತನ್ನ ಹೊಲದಲ್ಲಿ ತಲೆಯೆತ್ತಿ ಓಡಾಡುತ್ತಿದ್ದದ್ದು ಆ ಒಂದು ಮುಖದ ನೆರಳಿನಲ್ಲಿ.

ಹೊಟ್ಟೆಪಾಡಿಗೆ ಕುಬ್ಲಾನ್ ಉಮ್ ಸಿದ್ರ ದಿಬ್ಬದ ಕಾವಲುಗಾರ. ದಿಬ್ಬದ ನೆತ್ತಿಯಲ್ಲಿ ರೋಮಿನ ದೊರೆಗಳ ಕಾಲದ ನಬಾತಿ ಗುಡಿಯೊಂದು ಭೂಕಂಪಕ್ಕೆ ಮಗುಚಿ ಬಿದ್ದಿತ್ತು. ದೊರೆ ರೋಮಿನವ, ನಾಣ್ಯದ ಮೇಲಿನ ತಲೆಯೂ ಅವನದೇ. ದೇವರು ಮಾತ್ರ ಇಲ್ಲಿಯದೇ. ನಬಾತಿಗಳು ಧೂಪ ಮಾರಿ ಬದುಕಿದ ಜನ. ಯಾವುದನ್ನು ಬಿಟ್ಟುಕೊಡಬೇಕು, ಯಾವುದನ್ನು ಅಂಗಡಿಯ ಹಿಂಬದಿಯಲ್ಲಿ ಇಟ್ಟುಕೊಳ್ಳಬೇಕು ಎಂಬುದು ಅವರಿಗೆ ಗೊತ್ತಿತ್ತು. ನಾಲ್ಕು ವರ್ಷದಿಂದ ಪ್ರತಿ ವಸಂತದಲ್ಲಿ ವಿದೇಶದ ವಿದ್ವಾಂಸೆಯೊಬ್ಬಳು ಬಂದು ಅಲ್ಲಿ ಅಗೆಸುತ್ತಿದ್ದಳು. ಜನರ ಬಾಯಲ್ಲಿ ಅವಳು ‘ದೊಕ್ತೋರಾ’. ಕರಣೆ, ಕುಂಚ, ಟೈರಿನ ಮಂಕರಿ ಹಿಡಿದ ಹನ್ನೊಂದು ಕೆಲಸಗಾರರು. ಆ ಹನ್ನೊಂದರಲ್ಲಿ ಒಬ್ಬ, ಮೇಸ್ತ್ರಿ ಶ್ತೇವಿ, ಫಿದ್ದಾಳ ತಮ್ಮ. ಕುಬ್ಲಾನನ ಮುಖ ಇರುವಲ್ಲಿಗೆ ಕಳ್ಳರು ಬರುವುದಿಲ್ಲವೆಂದು ಕೇಳಿಯೇ ದೊಕ್ತೋರಾ ಅವನನ್ನು ಕಾವಲಿಗೆ ಇಟ್ಟುಕೊಂಡಿದ್ದಳು. ಅಗ್ಗದ ಬೀಗ.

ಬಲಿಪೀಠದ ಸುತ್ತ ಮೂಳೆ ಬೆರೆತ ಬೂದಿ, ಮೊಟ್ಟೆಚಿಪ್ಪಿನಷ್ಟು ತೆಳುವಾದ ಕೆಂಪು ಬಟ್ಟಲುಗಳ ಚೂರು ಸಿಕ್ಕಿದ್ದವು. ಆ ಸಲ ಪೀಠದ ಪಕ್ಕದಲ್ಲಿ ಒಂದು ಕೋಣೆ ಹೊರಬಿತ್ತು. ಅದರ ಮೂರು ಗೋಡೆಗಳ ಉದ್ದಕ್ಕೂ ಕಲ್ಲಿನ ಜಗಲಿ. ಬಲಿಯಾದ ಮೇಲೆ ಹದಿಮೂರು ಜನರ ಪಂಕ್ತಿ ಆ ಜಗಲಿಯ ಮೇಲೆ ಒರಗಿ ಉಣ್ಣುತ್ತಿತ್ತೆಂದು ದೊಕ್ತೋರಾ ವಿವರಿಸಿದ್ದಳು. ಗುರುವಾರ ಸಂಜೆ ಕೋಣೆಯ ಹಿಂಗೋಡೆಯ ಗೂಡಿನಿಂದ ಮಣ್ಣು ತೆಗೆದಾಗ ಸೊಂಟದೆತ್ತರದ ಒಂದು ಕಲ್ಲು ಕಂಡಿತು. ಎರಡು ಚೌಕ ಕಣ್ಣು, ನಡುವೆ ನೆಟ್ಟಗಿನ ಮೂಗು. ಅಷ್ಟೇ. ಬಾಯಿ ಒಡೆದುಹೋಗಿದೆಯೇ ಎಂದು ಕುಬ್ಲಾನ್ ಕೇಳಿದ. ಕೆತ್ತಿದವರು ಬಾಯಿಯನ್ನು ಇಟ್ಟೇ ಇಲ್ಲ, ನಬಾತಿಗಳ ದೇವರು ಹೀಗೇ ಎಂದಳು ದೊಕ್ತೋರಾ.

“ನಮ್ಮಕ್ಕನಿಗೆ ಗಂಡು ಹುಡುಕುವಾಗ ಇವನು ಕಣ್ಣಿಗೆ ಬೀಳಲಿಲ್ಲವಲ್ಲ,” ಎಂದ ಶ್ತೇವಿ. “ಭಾವನಿಗಿಂತ ಎರಡು ಮಾತು ಕಮ್ಮಿ ಆಡ್ತಿದ್ದ.”

ಶುಕ್ರವಾರ ಕೆಲಸಕ್ಕೆ ರಜೆ. ಮಧ್ಯಾಹ್ನದ ಹೊತ್ತಿಗೆ ಮರಳುಗಾಡಿನ ಕಡೆಯಿಂದ ಬಿಸಿಗಾಳಿ ಎದ್ದು ಆಕಾಶ ಅರಿಸಿನದ ಬಣ್ಣಕ್ಕೆ ತಿರುಗಿತು. ಕುಬ್ಲಾನ್ ಜರಡಿ, ಮಂಕರಿಗಳ ಮೇಲೆ ಕಲ್ಲು ಹೇರಿ, ಟಾರ್ಪಾಲಿನ ಚಪ್ಪರವಿದ್ದ ಆ ಜಗಲಿ ಕೋಣೆಗೇ ಬಂದು ಕೂತ. ಮೂಲೆಯಲ್ಲಿ ನಾಲ್ಕು ಕಡ್ಡಿ ಹೊತ್ತಿಸಿ ಕಾಫಿ ಇಟ್ಟ. ಅಷ್ಟರಲ್ಲಿ ಅಕ್ಕ ಕಳಿಸಿದ ರೊಟ್ಟಿಯೊಂದಿಗೆ ಶ್ತೇವಿ ತಲೆವಸ್ತ್ರವನ್ನು ಮುಖಕ್ಕೆ ಸುತ್ತಿಕೊಂಡು ತಡವರಿಸುತ್ತ ಒಳಬಂದ. ಒಬ್ಬರಿಗೊಬ್ಬರ ಮುಖ ಕಾಣದಷ್ಟು ಧೂಳು. ಗಾಳಿಯ ಸದ್ದು ಎಂಥದೆಂದರೆ ಗೋಡೆಯಾಚೆ ಯಾರೋ ಬಟ್ಟೆ ಹರಿಯುತ್ತಲೇ ಇರುವಂತೆ.

ಆಗ ಕುಬ್ಲಾನನಿಗೆ ಹಿಂಗೋಡೆಗೆ ಒರಗಿ ಕೂತ ಮೂರನೆಯವನೊಬ್ಬ ಕಂಡ. ಮೊಣಕಾಲು ಎದೆಗೆ ಸೇರಿಸಿ, ತಲೆಯ ಮೇಲೆ ಕಂಬಳಿ ಹೊದ್ದ ಆಕಾರ. ಬಿರುಗಾಳಿಗೆ ಸಿಕ್ಕ ದಾರಿಹೋಕನಿರಬೇಕು, ಶ್ತೇವಿಯ ಹಿಂದೆಯೇ ಬಂದನೇನೋ ಎಂದುಕೊಂಡ. ಅತಿಥಿಯ ಹೆಸರು, ಊರು, ಕುಲ ಮೂರು ದಿನ ಕೇಳಬಾರದು. ಕೇಳಲಿಲ್ಲ. ಪದ್ಧತಿಯಂತೆ ಮೊದಲ ಬಟ್ಟಲನ್ನು ತಾನು ಕುಡಿದು, ಎರಡನೆಯದನ್ನು ತುಂಬಿ, ತೆವಳಿಕೊಂಡು ಹೋಗಿ ಅವನ ಮುಂದಿಟ್ಟ.

“ಬಾ ಅತಿಥಿ, ನಿನ್ನವರ ಹತ್ತಿರವೇ ಬಂದಿದ್ದೀಯ,” ಎಂದ, ಗಾಳಿಗೆ ಎದುರಾಗಿ ಕೇಳುವಷ್ಟು ಗಟ್ಟಿಯಾಗಿ. “ನೀನು ನನ್ನ ಮುಖದ ಮೇಲಿದ್ದೀಯ.”

ಕೈಚಾಚಿ ಬಟ್ಟಲನ್ನು ಹಿಂದಕ್ಕೆ ತೆಗೆದುಕೊಂಡಾಗ ಅದು ಬರಿದಾಗಿತ್ತು. ಮತ್ತೆ ತುಂಬಿಸಿಟ್ಟ. ಮತ್ತೆ ಬರಿದು. ಮೂರನೆಯ ಸಲ ಬಟ್ಟಲನ್ನು ತೆಗೆಯುವಾಗ ಅದು ಅವನ ಬೆರಳುಗಳ ನಡುವೆ ಸಣ್ಣಗೆ ಅಲುಗಿತು. ಸಾಕು ಎನ್ನುವ ಅತಿಥಿ ಬಟ್ಟಲನ್ನು ಅಲುಗಿಸಿ ಕೊಡುತ್ತಾನಲ್ಲ, ಹಾಗೆ.

ಸ್ವಲ್ಪ ಹೊತ್ತಿಗೆ ಗಾಳಿ ಬಿದ್ದು ಧೂಳು ಇಳಿಯಿತು. ಹಿಂಗೋಡೆಯ ಬುಡದಲ್ಲಿ ಯಾರೂ ಇರಲಿಲ್ಲ. ಗೂಡಿನಲ್ಲಿ ಆ ಕಲ್ಲು, ಎರಡು ಚೌಕ ಕಣ್ಣು. ಶ್ತೇವಿ ಮೊದಲು ಕಲ್ಲನ್ನು ನೋಡಿದ, ಆಮೇಲೆ ಭಾವನ ಕೈಲಿದ್ದ ಬಟ್ಟಲನ್ನು ನೋಡಿದ. ನಗಲು ಅವನಿಗೆ ಸ್ವಲ್ಪ ತಡವಾಯಿತು. ಅವನು ನಗಲು ತಡಮಾಡಿದ್ದು ಅದೇ ಮೊದಲು.

ಸಂಜೆಯೊಳಗೆ ಇಡೀ ಹಟ್ಟಿಗೆ ಸುದ್ದಿ ಮುಟ್ಟಿತು. ಶ್ತೇವಿಯ ನಾಲಿಗೆಗೆ ಕತ್ತೆಯ ಹಾಗೆ ಕುಂಟಿರಲಿಲ್ಲ. ಕುಬ್ಲಾನ್ ಕಲ್ಲಿಗೆ ಹೊಣೆ ನಿಂತ, ಮುಂದಿನ ವಾರ ಬೇಲಿಗೆ ಮಗಳನ್ನು ಕೊಡುತ್ತಾನೆ ಎಂದು ಹೆಂಗಸರು ನಕ್ಕರು. ನಗದಿದ್ದವನು ಒಬ್ಬನೇ, ನುವೈರಾನನ ತಂದೆ ಮುಫ್ಲಿಹ್. ಅವನು ಬಂದು ಕುಬ್ಲಾನನ ಅಂಗಳದಲ್ಲಿ ಕೂತು, ಕೊಟ್ಟ ಚಹಾವನ್ನು ಮುಟ್ಟದೆ ಆರಲು ಬಿಟ್ಟು ಎದ್ದುಹೋದ. ಕಲ್ಲು ಮರಳು ಎಲ್ಲವೂ ನಗೆಯ ಮಾತೇ. ಆದರೆ ಹೊಣೆಯ ಮಾತು ಸಾಕ್ಷಿಯ ಎದುರು ಬಾಯಿಬಿಟ್ಟು ಆಡಿದ್ದು. ಅದು ಕೆಟ್ಟರೆ ಸತ್ತವನ ಅಣ್ಣಂದಿರಿಗೆ ಬೇರೆ ನೆಪ ಬೇಕಿರಲಿಲ್ಲ.

ಶನಿವಾರ ಬೆಳಗ್ಗೆ ಕೆಲಸಗಾರರು ಕೋಣೆಯ ಬಾಗಿಲಲ್ಲೇ ನಿಂತುಬಿಟ್ಟರು. ನೆಲ, ಗೋಡೆ, ಜಗಲಿ ಎಲ್ಲೆಡೆಯೂ ಹಿಟ್ಟಿನಂತೆ ನುಣ್ಣಗಿನ ಧೂಳು ಕೂತಿತ್ತು. ಜಗಲಿಯ ಮೇಲೆ ಮಾತ್ರ ಅಲ್ಲಲ್ಲಿ, ಒಬ್ಬ ಮನುಷ್ಯ ಒರಗಿ ಮಲಗುವಷ್ಟು ಉದ್ದಕ್ಕೆ, ಕಲ್ಲು ಒರೆಸಿಟ್ಟಂತೆ ಚೊಕ್ಕಟವಾಗಿತ್ತು. ಶ್ತೇವಿ ಬೆರಳು ಮಡಚಿ ಎಣಿಸಿದ. ಹನ್ನೆರಡು. ದೊಕ್ತೋರಾ ಹೇಳಿದ್ದು ಹದಿಮೂರಲ್ಲವೇ, ಲೆಕ್ಕ ತಪ್ಪಿದಳು ಎಂದ. ಕುಬ್ಲಾನ್ ಗೂಡಿನ ಕಡೆ ನೋಡಿದ. ಶ್ತೇವಿ ಅವನ ನೋಟದ ಹಿಂದೆಯೇ ನೋಡಿ ಮಡಚಿದ ಬೆರಳುಗಳನ್ನು ಬಿಡಿಸಿಕೊಂಡ.

“ಒಬ್ಬನಿಗೆ ಕಾಫಿ ಕೊಟ್ಟೆ ಅಂದ್ಕೊಂಡಿದ್ಯಾ ಭಾವ?” ಎಂದ ಮೆಲ್ಲಗೆ.

ದೊಕ್ತೋರಾಗೆ ತಲೆಬಿಸಿಯಾದದ್ದು ಬೇರೆ ಕಾರಣಕ್ಕೆ. ಗುರುವಾರದ ನಕಾಶೆಯಲ್ಲಿ ಕಲ್ಲಿನ ಮುಖ ನೇರವಾಗಿ ಬಾಗಿಲಿಗೆ, ಬಾಗಿಲಾಚೆಯ ಬಲಿಪೀಠಕ್ಕೆ. ಈಗ ಅದು ಒಂದು ಅಂಗೈಯಷ್ಟು ಎಡಕ್ಕೆ ತಿರುಗಿತ್ತು. ಅದರ ನೋಟದ ದಾರಿಯಲ್ಲಿ ಇದ್ದದ್ದು ಮೂಲೆಯ ಬೂದಿ, ಕುಬ್ಲಾನ್ ಕಾಫಿ ಕಾಯಿಸಿದ ಜಾಗ. ನಾಲ್ಕು ಜನ ಎತ್ತಬೇಕಾದ ಕಲ್ಲು. ನಕಾಶೆ ತಪ್ಪಿರಬೇಕೆಂದು ಅವಳು ಟೇಪು ಹಿಡಿದು ಅಳೆದಳು. ಮೂರು ಸಲ ಅಳೆದು, ಟೇಪು ಸುತ್ತಿ ಜೇಬಿಗಿಟ್ಟು, ಹೊರಗೆ ಹೋಗಿ ಸಿಗರೇಟು ಹಚ್ಚಿದಳು.

ಅಂದೇ ರಾಜಧಾನಿ ಅಮ್ಮಾನಿನ ಪುರಾತತ್ವ ಕಚೇರಿಯಿಂದ ನಸೂಹ್ ಎಂಬ ಅಧಿಕಾರಿ ಬಂದ. ಅವನ ಬೂಟು ಹೊಳೆಯುತ್ತಿತ್ತು. ದಿಬ್ಬ ಹತ್ತುವವರೆಗೆ ಮಾತ್ರ. ಇಂಥ ಕಲ್ಲನ್ನು ಬಯಲಲ್ಲಿ ಬಿಡಬಾರದು, ಭಾನುವಾರವೇ ಲಾರಿ ಬರುತ್ತದೆ, ಕಲ್ಲು ವಸ್ತುಸಂಗ್ರಹಾಲಯಕ್ಕೆ ಹೋಗುತ್ತದೆ ಎಂದ. ಅತಿಥಿಯ ಅವಧಿ ಮೂರು ದಿನ, ಅದರ ಮೇಲೆ ಒಂದು ಹಗಲಿನ ಮೂರನೇ ಒಂದು ಪಾಲು. ಅಂದರೆ ಸೋಮವಾರ ಮಧ್ಯಾಹ್ನ ಕಳೆದು ನಾಲ್ಕು ಗಂಟೆ. ಅದಕ್ಕೆ ಮುಂಚೆ ಹೊಣೆ ನಿಂತವನ ಛಾವಣಿಯಡಿಯಿಂದ ಅತಿಥಿಯನ್ನು ಎಬ್ಬಿಸಿಕೊಂಡು ಹೋದರೆ ಅದು ಮುಖ ಕಡಿದಂತೆಯೇ. ಕುಬ್ಲಾನ್ ಸೋಮವಾರ ನಾಲ್ಕು ಗಂಟೆಯವರೆಗೆ ತಡೆಯಿರಿ ಎಂದು ಕೇಳಿಕೊಂಡ. ಕಾರಣ ಕೇಳಿದ ನಸೂಹ್‌ಗೆ ಕೆಲಸಗಾರರಲ್ಲೊಬ್ಬ ಕಾರಣವನ್ನು ವಿವರಿಸಿದ. ಅಧಿಕಾರಿ ಹೊಟ್ಟೆ ಹಿಡಿದುಕೊಂಡು ನಕ್ಕ.

“ಅಲ್ಲಯ್ಯ, ಅದು ವಿಗ್ರಹ. ಮುಸಲ್ಮಾನನಾಗಿ ವಿಗ್ರಹಕ್ಕೆ ಕಾಫಿ ಕೊಡ್ತೀಯಾ?”

“ಅತಿಥಿಯ ಧರ್ಮ ನಾವು ಕೇಳಲ್ಲ ಉಸ್ತಾದರೇ,” ಎಂದ ಕುಬ್ಲಾನ್. “ಹೆಸರನ್ನೇ ಕೇಳಲ್ಲ.”

ಕೆಲಸ ಕಿತ್ತುಕೊಳ್ಳುತ್ತೇನೆ ಎಂದ ನಸೂಹ್. ಕುಬ್ಲಾನ್ ಹೋಗಿ ಕೋಣೆಯ ಬಾಗಿಲಿಗೆ ಅಡ್ಡಲಾಗಿ ಹಾಸಿಗೆ ಹಾಕಿಕೊಂಡು ಕೂತ. ಅವನು ಹಾಗೆ ಕೂತರೆ ಏನಾಗುತ್ತದೆಂಬುದು ಬಾವಿಯ ಕಡೆಯವರಿಗೆ ಗೊತ್ತಿತ್ತು, ಅಮ್ಮಾನಿನವರಿಗೆ ಗೊತ್ತಿರಲಿಲ್ಲ. ಕೊನೆಗೆ ದೊಕ್ತೋರಾ ಸಿಗರೇಟು ಆರಿಸಿ ಬಂದು, ಮಣ್ಣಿನಿಂದ ಆಗಷ್ಟೇ ತೆಗೆದ ಸುಣ್ಣಕಲ್ಲು ಎರಡು ದಿನ ಗಾಳಿಗೆ ಆರದೆ ಲಾರಿ ಹತ್ತಿದರೆ ಪದರ ಬಿಡುತ್ತದೆ ಎಂದಳು. ಅಂಥ ನಿಯಮವೇನೂ ಇರಲಿಲ್ಲ. ಅವಳು ಯಾರಿಗೋ ಹೆದರಿ ಸುಳ್ಳು ಹೇಳಿದ್ದು ಕುಬ್ಲಾನನಿಗೆ ತಿಳಿಯಿತು. ಅದು ಅಧಿಕಾರಿಗೆ ಅಲ್ಲ ಎಂಬುದೂ ತಿಳಿಯಿತು. ಲಾರಿ ಬರುವುದು ಸೋಮವಾರಕ್ಕೆ ಹೋಯಿತು.

ಒಂದು ಗಂಟು ಬಿಚ್ಚಿದರೆ ಅದರ ಒಳಗೆ ಇನ್ನೊಂದು. ಭಾನುವಾರ ಕುಬ್ಲಾನ್ ಕತ್ತೆ ಹತ್ತಿ ಆಚೆ ಬೆಟ್ಟದ ಕುಲನ್ಯಾಯದ ಮುದುಕನನ್ನು ಕಂಡುಬಂದ. ಕಲ್ಲಿಗೆ ಆಡಿದ ಮಾತಿಗೆ ತೂಕವುಂಟೇ ಎಂಬುದು ಪ್ರಶ್ನೆ. ಹೊಣೆ ನಿಂತವನು ಏನೆಂದ ಎಂಬುದನ್ನು ನ್ಯಾಯ ಕೇಳುತ್ತದೆ, ಅತಿಥಿ ಉಸಿರಾಡುತ್ತಾನೋ ಇಲ್ಲವೋ ಕೇಳುವುದಿಲ್ಲ, ತನ್ನ ಅಜ್ಜನ ಕಾಲದಲ್ಲಿ ಹೆಣಕ್ಕೂ ಹೊಣೆ ನಿಂತದ್ದುಂಟು ಎಂದ ಮುದುಕ. ಅದರ ಜೊತೆಗೆ, ಕಾಫಿಯೊಂದೇ ಸಾಲದು, ಅತಿಥಿಯ ಹೆಸರಿನಲ್ಲಿ ಒಂದು ಪ್ರಾಣಿ ಕಡಿಯಬೇಕು, ಊಟ ಕಾಣದೆ ಹೋದ ಅತಿಥಿಯೂ ಮುಖ ಕಡಿದೇ ಹೋಗುತ್ತಾನೆ ಎಂದು ನೆನಪಿಸಿದ. ಬರುವ ದಾರಿಯಲ್ಲಿ ಕುಬ್ಲಾನ್ ಮಸೀದಿಯ ಇಮಾಮರನ್ನು ಕೇಳಿದ. ಕಲ್ಲಿಗೆ ಕಾಫಿ ಕೊಡುವುದು ಹುಚ್ಚು, ಹುಚ್ಚಿಗೆ ಕ್ಷಮೆಯಿದೆ; ಕಲ್ಲಿಗಾಗಿ ಪ್ರಾಣಿ ಕಡಿದರೆ ಕ್ಷಮೆಯೇ ಇಲ್ಲ ಎಂದರು ಅವರು. ಇಬ್ಬರು ಹೇಳಿದ್ದೂ ನ್ಯಾಯವೇ. ಒಂದು ಕಡೆ ನುವೈರಾನನ ಕುತ್ತಿಗೆ, ಇನ್ನೊಂದು ಕಡೆ ತನ್ನ ಪರಲೋಕ. ತಕ್ಕಡಿಯ ಯಾವ ತಟ್ಟೆಗೂ ಅವನ ಹತ್ತಿರ ಬೇರೆ ಬಟ್ಟು ಇರಲಿಲ್ಲ.

ಮನೆಯಲ್ಲಿ ಫಿದ್ದಾ ಆ ಬಟ್ಟಲನ್ನು ತೊಳೆಯದೆ ಹಲಗೆಯ ಮೇಲೆ ಬೋರಲು ಹಾಕಿದ್ದಳು. ತೊಳೆಯಲು ಅದರಲ್ಲಿ ಏನೂ ಇರಲಿಲ್ಲ, ಗಸಿಯ ಕರೆ ಸಹ. ನೆಕ್ಕಿಟ್ಟಂತಿತ್ತು. ಗಂಡನ ಕಥೆಯನ್ನು ಪೂರ್ತಿ ಕೇಳಿ, ಹಿಟ್ಟು ನಾದುವುದನ್ನು ನಿಲ್ಲಿಸದೆ ಅವಳು ಹೇಳಿದಳು:

“ಹಮೂದನ ಅಪ್ಪಾ, ಮೇಕೆ ಕಡಿಯೋದು ದೇವರ ಹೆಸರಲ್ಲಿ. ಊಟ ಹಾಕೋದು ಹೊಟ್ಟೆ ಇರೋರಿಗೆ. ಶ್ತೇವಿ ಇದಾನೆ, ಅವನ ಜೊತೆಯವರು ಇದಾರೆ, ಆ ಬೂಟಿನ ಮನುಷ್ಯ ಇದಾನೆ. ಊಟ ಆ ಕೋಣೇಲಿ ಹಾಕು. ಪಂಕ್ತೀಲಿ ಯಾರ್ಯಾರು ಕೂತಿದಾರೆ ಅಂತ ನಾನ್ಯಾಕೆ ಎಣಿಸ್ಲಿ?”

ಸೋಮವಾರ ಮಧ್ಯಾಹ್ನ ಎರಡು ಮೇಕೆ ಕಡಿದಾಯಿತು. ಒಣಮೊಸರಿನ ಸಾರಿನಲ್ಲಿ ಬೆಂದ ಮಾಂಸ, ತೆಳುರೊಟ್ಟಿಯ ಮೇಲೆ ಅನ್ನದ ಗುಡ್ಡೆ, ಇಬ್ಬರು ಹೊರುವ ಹರಿವಾಣ. ಲಾರಿಯೂ ಬಂದಿತ್ತು. ಅದರ ಡ್ರೈವರ್ ದೂರದ ಜರ್ಕಾದ ಕಡೆಯವನು, ಹಟ್ಟಿಯ ಸುದ್ದಿ ತಿಳಿಯದವನು. ಕೈಬ್ರೇಕು ಹಿಡಿಯುವುದಿಲ್ಲವೆಂದು ಇಳಿಜಾರಿನಲ್ಲಿ ಗಾಡಿ ಬಿಟ್ಟು ಬರಲೊಪ್ಪದೆ, ಫಿದ್ದಾ ಕಳಿಸಿದ ತಟ್ಟೆಯನ್ನು ಅಲ್ಲಿಯೇ ಖಾಲಿ ಮಾಡಿ ಸ್ಟೇರಿಂಗಿನ ಮೇಲೆ ತಲೆಯಿಟ್ಟು ಮಲಗಿದ. ದೊಕ್ತೋರಾ ಫಿದ್ದಾಳ ಜೊತೆ ಕೆಳಗೆ ಉಂಡಳು.

ಹರಿವಾಣವನ್ನು ಕೋಣೆಯ ನಡುವೆ ಇಟ್ಟರು. ಕೆಲಸಗಾರರು ನೆಲದ ಮೇಲೆ ಒತ್ತೊತ್ತಾಗಿ ಕೂತರು. ಜಗಲಿಯ ಮೇಲೆ ಯಾಕೆ ಕೂರಬಾರದು ಎಂದು ನಸೂಹ್ ಕೇಳಿದ್ದಕ್ಕೆ ಒಬ್ಬ ತಲೆ ತಗ್ಗಿಸಿಕೊಂಡು, “ಅಲ್ಲಿ ಜಾಗ ಇಲ್ಲ,” ಎಂದ. ಅಧಿಕಾರಿ ಪ್ಯಾಂಟು ಧೂಳಾಗದಿರಲೆಂದು ಚೊಕ್ಕಟವಾಗಿದ್ದ ಒಂದು ಜಾಗ ನೋಡಿ ಕೂತ. ಕೂತಷ್ಟೇ ಬೇಗ ಎದ್ದ. ನೆರಳಿನ ಕಲ್ಲು ಇಷ್ಟು ಬೆಚ್ಚಗೆ ಹೇಗೆ ಎಂದು ಗೊಣಗಿಕೊಂಡು, ಪ್ಯಾಂಟಿನ ಯೋಚನೆ ಬಿಟ್ಟು, ಶ್ತೇವಿಯ ಪಕ್ಕದಲ್ಲಿ ನೆಲಕ್ಕೇ ಇಳಿದ. ಗೂಡಿನ ಎದುರಿನ ಬದಿಯನ್ನು ಯಾರೂ ಹೇಳದೆಯೇ ಖಾಲಿ ಬಿಟ್ಟಿದ್ದರು.

ಕುಬ್ಲಾನ್ ದೇವರ ಹೆಸರೆತ್ತಿ, ಬಲಗೈ ಚಾಚಿ, ಊಟ ಮಾಡಿ ಎಂದ. ಆತಿಥೇಯ ಕೂರುವಂತಿಲ್ಲ, ನಿಂತೇ ಇರಬೇಕು. ಹನ್ನೆರಡು ಬಲಗೈಗಳು ಮೇಲೆದ್ದು ಅಲ್ಲೇ ನಿಂತವು. ಮೊದಲು ಅತಿಥಿ ಮುಟ್ಟದೆ ಬೇರೆಯವರು ಮುಟ್ಟುವುದು ಹುಟ್ಟಿದಂದಿನಿಂದ ಇಲ್ಲದ ಅಭ್ಯಾಸ. ಅಮ್ಮಾನಿನವನ ಕೈ ಸಹ ಇಳಿಯಲಿಲ್ಲ. ಹೊರಗೆ ಗಾಳಿಯಿಲ್ಲ, ಹಕ್ಕಿಯಿಲ್ಲ. ಟಾರ್ಪಾಲಿನ ಅಂಚು ಕೂಡ ಅಲುಗುತ್ತಿರಲಿಲ್ಲ. ಹರಿವಾಣದ ಹಬೆ ನೆಟ್ಟಗೆ, ಕಂಬದಂತೆ ಏಳುತ್ತಿತ್ತು.

“ಯಜಮಾನಾ,” ಎಂದ ಶ್ತೇವಿ ಗೂಡಿನ ಕಡೆ ತಿರುಗಿ. ಚೇಷ್ಟೆಗೆ ಎಂದೇ ಶುರುಮಾಡಿದ್ದು, ಧ್ವನಿ ಮಾತ್ರ ಚೇಷ್ಟೆಗೆ ಬಗ್ಗಲಿಲ್ಲ. “ನೀನು ಶುರು ಮಾಡದೆ ನಮಗೆ ಇಳಿಯಲ್ಲ.”

ಹಬೆಯ ಕಂಬ ಬಾಗಿತು. ಮೆಲ್ಲಗೆ, ಯಾರೋ ದೀರ್ಘವಾಗಿ ಉಸಿರು ಎಳೆದುಕೊಂಡಂತೆ, ಹಿಂಗೋಡೆಯ ಕಡೆಗೆ ಬಾಗಿ, ತೆಳ್ಳಗಾಗಿ, ಗೂಡಿನೊಳಗೆ ಹೋಗಿ ಮುಗಿಯಿತು. ಎಷ್ಟು ಹೊತ್ತು ಎಂದು ಯಾರೂ ಎಣಿಸಲಿಲ್ಲ. ಆಮೇಲೆ ಅದು ಮತ್ತೆ ನೆಟ್ಟಗೆ ನಿಂತಿತು. ಹನ್ನೆರಡು ಕೈಗಳು ಒಟ್ಟಿಗೇ ಅನ್ನಕ್ಕೆ ಇಳಿದವು. ಅನ್ನ ಬಿಸಿಯಾಗಿತ್ತು; ಮಾಂಸಕ್ಕೆ ರುಚಿಯೇ ಇರಲಿಲ್ಲ ಎಂದು ಎಲ್ಲರೂ ಆಮೇಲೆ ಹೇಳಿದರು, ಯಾರೋ ಒಮ್ಮೆ ತಿಂದು ಬಿಟ್ಟದ್ದನ್ನು ತಿಂದಂತೆ.

ಹರಿವಾಣ ಕೆಳಗೆ ಬಂದಾಗ, ಎಣಿಸುವುದಿಲ್ಲ ಎಂದಿದ್ದ ಫಿದ್ದಾ ಎಣಿಸಿದಳು. ಸುತ್ತ ಕೂತವರು ತಮ್ಮ ತಮ್ಮ ಮುಂದಿನ ಅನ್ನವನ್ನು ತೆಗೆದಲ್ಲಿ ಒಂದೊಂದು ಗುಂಡಿ ಬಿದ್ದಿರುತ್ತದೆ. ಹದಿಮೂರು ಗುಂಡಿಯಿತ್ತು. ಅವಳು ಉಳಿದದ್ದನ್ನು ಯಾರಿಗೂ ಹಂಚದೆ ನಾಯಿಗಳಿಗೆ ಹಾಕಿದಳು. ನಾಯಿಗಳು ಮೂಸಿ ದೂರ ಹೋಗಿ ಕೂತವು.

ನಾಲ್ಕು ಗಂಟೆಗೆ ಕಲ್ಲನ್ನು ಎತ್ತಿದರು. ನಸೂಹ್ ಹಗ್ಗ ತರಿಸಿದ್ದ. ಅತಿಥಿಯನ್ನು ಕಟ್ಟುವುದುಂಟೇ ಎಂದು ಕುಬ್ಲಾನ್ ಹಗ್ಗವನ್ನು ಹಿಂದಕ್ಕೆ ಕೊಟ್ಟ. ಹೆಂಡತಿಯ ಉಣ್ಣೆ ಕಂಬಳಿಯನ್ನು ಕಲ್ಲಿಗೆ ತಲೆಯಿಂದ ಬುಡದವರೆಗೆ ಹೊದಿಸಿ, ತಾನೇ ಹಿಡಿದುಕೊಂಡು ಕೂರುತ್ತೇನೆ, ನಮ್ಮ ಕುಲದ ಗಡಿಯವರೆಗೆ ಕಳಿಸಿಬರುವುದು ಹೇಗೂ ನನ್ನ ಕರ್ತವ್ಯ ಎಂದ. ನಾಲ್ಕು ಜನ ಬೇಕೆಂದುಕೊಂಡಿದ್ದ ಕಲ್ಲು ಶ್ತೇವಿ ಮತ್ತು ಇನ್ನೊಬ್ಬನ ಕೈಗೇ ಎದ್ದಿತು. ಮುದುಕರನ್ನು ಎರಡೂ ರಟ್ಟೆ ಹಿಡಿದು ಎಬ್ಬಿಸಿದಷ್ಟೇ ಭಾರ. ಶ್ತೇವಿ ಆ ದಿನದಿಂದ ಒಂದು ವಾರ ಯಾರನ್ನೂ ಗೇಲಿ ಮಾಡಲಿಲ್ಲ. ಆದರೆ ಅದನ್ನು ಲಾರಿಗೆ ಏರಿಸಿದ ಮೇಲೆ ಗಾಡಿಯ ಸ್ಪ್ರಿಂಗು ಪಟ್ಟಿಗಳು ಕಿರುಗುಟ್ಟುತ್ತ ಕುಗ್ಗಿದವು. ಒಮ್ಮೆಲೇ ಅಲ್ಲ. ಒಬ್ಬೊಬ್ಬರಾಗಿ ಹತ್ತಿದಂತೆ, ಸ್ವಲ್ಪ ಸ್ವಲ್ಪವೇ. ನಿದ್ದೆಗಣ್ಣಿನ ಡ್ರೈವರ್ ಎಷ್ಟು ಕಲ್ಲು ಹೇರಿದಿರಿ ಎಂದು ಕಿಟಕಿಯಿಂದಲೇ ಕೂಗಿದ. ಒಂದೇ ಎಂದರು. ಅವನು ನಂಬದೆ ಗೇರು ಹಾಕಿದ.

ನಸೂಹ್ ಮತ್ತು ದೊಕ್ತೋರಾ ಜೀಪಿನಲ್ಲಿ ಮುಂದೆ ಹೋದರು. ಕುಬ್ಲಾನ್ ಲಾರಿಯ ತೆರೆದ ಹಿಂಬದಿಯಲ್ಲಿ, ಕಲ್ಲಿನ ಹೆಗಲ ಮೇಲೆ ತೋಳು ಹಾಕಿಕೊಂಡು ಕೂತ. ದಾರಿ ಹಾಳು. ಲಾರಿ ಕುಲುಕಿದಾಗೆಲ್ಲ ಕಂಬಳಿಯೊಳಗಿನ ಭಾರ ಅವನ ಮೇಲೆ ಒರಗುತ್ತಿತ್ತು, ಮತ್ತೆ ತಾನೇ ನೆಟ್ಟಗಾಗುತ್ತಿತ್ತು. ಅವನು ಆ ಕಡೆ ನೋಡಲಿಲ್ಲ.

ಗಡಿಯೆಂದರೆ ಕರಿಕಲ್ಲಿನ ಒಂದು ಮೋರಿ. ಲಾರಿ ಅಲ್ಲಿ ನಿಂತಿತು. ಕುಬ್ಲಾನ್ ಇಳಿದು, ರಸ್ತೆಯ ಅಂಚಿನಲ್ಲಿ ನಿಂತು, ಎಂದಿನ ಮಾತು ಹೇಳಿದ: ನನ್ನ ನೆಲ ಇಲ್ಲಿಗೆ ಮುಗಿಯಿತು, ಇನ್ನು ಮುಂದೆ ನೀನು ದೇವರ ರಕ್ಷೆಯಲ್ಲಿದ್ದೀಯ. ಅದನ್ನು ಹೇಳಿ ಮುಗಿಸಿ, ಹಿಂದಿರುಗಲು ಎತ್ತಿದ ಕಾಲನ್ನು ಅಲ್ಲೇ ಇಳಿಸಿದ. ಊಟದ ಯೋಚನೆ ಮಾಡಿದ್ದ, ಹಗ್ಗದ ಯೋಚನೆ ಮಾಡಿದ್ದ, ಇದೊಂದು ಹೊಳೆದಿರಲಿಲ್ಲ. ಗಡಿಯಲ್ಲಿ ಅತಿಥಿ ಪ್ರತಿಯಾಗಿ, ‘ದೇವರು ನಿನ್ನ ಮುಖ ಬೆಳ್ಳಗೆ ಮಾಡಲಿ’ ಎನ್ನಬೇಕು. ಆಗಷ್ಟೇ ಹೊಣೆ ಇಳಿಯುವುದು. ಅತಿಥಿಗೋ ಬಾಯಿಯೇ ಇಲ್ಲ. ಕುಬ್ಲಾನ್ ನಿಂತ. ಲಾರಿಯ ಇಂಜಿನ್ನು ಗುರುಗುಡುತ್ತಿತ್ತು. ಅವನಿಗೆ ಅದರ ಹೊರತು ಏನೂ ಕೇಳಿಸಲಿಲ್ಲ. ಅವನು ನಿಂತೇ ಇದ್ದ. ಬೇಕಾದರೆ ನಲವತ್ತು ದಿನ ನಿಲ್ಲುವ ಮನುಷ್ಯ.

ಡ್ರೈವರ್ ಕಿಟಕಿಯಿಂದ ತಲೆ ಹೊರಹಾಕಿದ. “ಯಾಕಣ್ಣ ನಿಂತ್ಬಿಟ್ಟೆ?”

“ಜವಾಬು ಬರಬೇಕು.”

“ಬಂತಲ್ಲ. ಹಿಂದೆ ಕೂತಿರೋ ಹಿರೀಕರು ಹೇಳಿದ್ರಲ್ಲ, ದೇವರು ನಿನ್ನ ಮುಖ ಬೆಳ್ಳಗೆ ಮಾಡಲಿ ಅಂತ. ಎರಡು ಸಲ ಹೇಳಿದ್ರು. ನಿನಗೆ ಕಿವಿ ಮಂದಾನಾ?”

ಕುಬ್ಲಾನ್ ಕಂಬಳಿಯ ಕಡೆ ನೋಡಿದ. ಇಳಿಬಿಸಿಲು ಅದರ ಮೇಲೆ ಬಿದ್ದಿತ್ತು. ಕಂಬಳಿ ಅಲುಗಲಿಲ್ಲ.

“ಕೇಳಿಸ್ತು,” ಎಂದ. ಅವನು ಬದುಕಿನಲ್ಲಿ ಹೇಳಿದ ಒಂದೇ ಸುಳ್ಳು ಇದಿರಬೇಕು, ಅದನ್ನೂ ಅಪರಿಚಿತನಿಗೆ ಕೊಟ್ಟ.

“ಅವರು ಇಳಿಯಲ್ವಾ?”

“ಇಲ್ಲ. ಅಮ್ಮಾನಿಗೆ ಬರ್ತಾರೆ.”

“ಹಂಗಾದ್ರೆ ಮುಂದೆ ಬಂದು ಕೂರೋಕೆ ಹೇಳು. ಹಿಂದೆ ಚಳಿ.”

“ಅವರಿಗೆ ಅಲ್ಲೇ ಅಭ್ಯಾಸ,” ಎಂದ ಕುಬ್ಲಾನ್. “ದಾರೀಲಿ ಎಲ್ಲಾದ್ರೂ ನಿಲ್ಲಿಸಿದ್ರೆ ಕಾಫಿ ಮಾತ್ರ ಕೊಡಬೇಡ.”

ಲಾರಿ ತಿರುವು ದಾಟುವವರೆಗೆ ನೋಡಿ, ಅವನು ಹಿಂದಕ್ಕೆ ನಡೆದ. ಎರಡು ಗಂಟೆಯ ದಾರಿ. ಹೊತ್ತು ಇಳಿಯುವಾಗ ಹಟ್ಟಿಯ ಮೊದಲ ಬೇಲಿಯ ಹತ್ತಿರ ಮುಫ್ಲಿಹ್ ಕಾಣಿಸಿದ. ಮಧ್ಯಾಹ್ನದಿಂದ ಅಲ್ಲೇ ನಿಂತಿದ್ದನೇನೋ, ಕಾಲಿನ ಭಾರವನ್ನು ಬದಲಿಸಿ ಬದಲಿಸಿ ಸುತ್ತಲಿನ ಹುಲ್ಲು ಮಲಗಿತ್ತು. ಅವನ ಹಿಂದೆ ಸ್ವಲ್ಪ ದೂರದಲ್ಲಿ, ಹೊಲದ ಬದುವಿನ ಮೇಲೆ, ನುವೈರಾನ್ ಕುಕ್ಕರುಗಾಲಿನಲ್ಲಿ ಕೂತಿದ್ದ.

“ಇಳೀತಾ?” ಎಂದ ಮುಫ್ಲಿಹ್.

“ಇಳೀತು. ಬೆಳ್ಳಗಿದೆ.”

“ಸಾಕ್ಷಿ?”

“ಒಬ್ಬ ಇದ್ದ. ಹೊರಗಿನವನು.”

ಮುಫ್ಲಿಹ್ ಕುಬ್ಲಾನನ ಮುಖ ನೋಡಿದ. ಅಷ್ಟು ಸಾಕಾಯಿತು. ಆಮೇಲೆ ತಿರುಗಿ ಮಗನಿಗೆ ಕೈ ಬೀಸಿದ. ನುವೈರಾನ್ ಬದುವಿನಿಂದ ಎದ್ದು, ಅಂಗಿಯ ಮಣ್ಣು ಕೊಡವಿಕೊಂಡು, ಬೆಳಕಿರುವಾಗಲೇ ನೀರು ತಿರುಗಿಸಲು ಹೊಲದೊಳಕ್ಕೆ ಇಳಿದ.